ಅಕ್ಕನ ಮನೆ ಗೆರೆಯ ಆಚೆ

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಮನೆ, ಕಲಿಸಿದ್ದು ಕನ್ನಡ ಮೀಡಿಯಂನಲ್ಲಿ. 2025ರ ಫೆಬ್ರವರಿಯಲ್ಲಿ ನಮ್ಮ ಕಡೆಯ ಒಂದು ವಾಚನಾಲಯದಲ್ಲಿ ಪರಮಾಣು ವಿದ್ಯುತ್ತಿನ ಪರವಾಗಿ ಮಾತಾಡಲು ಒಪ್ಪಿಕೊಂಡಿದ್ದೆ. ಒಪ್ಪಿ, ಎರಡು ತಿಂಗಳು ಓದಿ, ಟಿಪ್ಪಣಿ ಮಾಡಿ, ಕೊನೆಗೆ ಅದೇ ವೇದಿಕೆಯಲ್ಲಿ ವಿರುದ್ಧ ಮಾತಾಡಿ ಬಂದೆ. ಕರೆದವರಿಗೆ ಮುಜುಗರವಾಯಿತು, ಪಾಪ. ಕರಪತ್ರದಲ್ಲಿ ನನ್ನ ಹೆಸರಿನ ಮುಂದೆ 'ಪರ' ಅಂತ ಅಚ್ಚಾಗಿತ್ತು. ಏನಾಯ್ತು ಮಾಷ್ಟ್ರೇ ಅಂತ ಆಮೇಲೆ ತುಂಬ ಜನ ಕೇಳಿದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು 2024ರ ಡಿಸೆಂಬರಿನಲ್ಲಿ. ಕೇಂದ್ರದ ವಿದ್ಯುತ್ ಮಂತ್ರಿ ಮನೋಹರ್ ಲಾಲ್ ಖಟ್ಟರ್ ಕೇರಳಕ್ಕೆ ಬಂದವರು, ರಾಜ್ಯ 150 ಎಕರೆ ಜಾಗ ತೋರಿಸಿದರೆ ಪರಮಾಣು ಸ್ಥಾವರ ಆಗಬಹುದು, ಕಾಸರಗೋಡಿನ ಚೀಮೇನಿ ಸೂಕ್ತ ಅಂದರು. ಅದಕ್ಕೂ ಮೊದಲೇ ಪತ್ರಿಕೆಗಳಲ್ಲಿ ಎರಡು ಹೆಸರು ಓಡಾಡುತ್ತಿದ್ದವು, ಒಂದು ತ್ರಿಶೂರಿನ ಅತಿರಪಳ್ಳಿ, ಇನ್ನೊಂದು ನಮ್ಮ ಚೀಮೇನಿ. 220 ಮೆಗಾವಾಟಿನ ಎರಡು ಘಟಕ ಅಂತ ಲೆಕ್ಕ. ವಾಚನಾಲಯದವರು ಒಂದು ಚರ್ಚೆ ಇಟ್ಟುಕೊಂಡರು. ವಿರುದ್ಧ ಮಾತಾಡಲು ಜನ ಇದ್ದರು, ಪರ ಮಾತಾಡಲು ಯಾರೂ ಸಿಗಲಿಲ್ಲ. ನನಗೆ ಫೋನ್ ಬಂತು.

ನನಗೆ ಒಪ್ಪಲು ಕಷ್ಟವೇನೂ ಇರಲಿಲ್ಲ. ಎಷ್ಟೋ ವರ್ಷ ಯುರೇನಿಯಂ ಒಡೆಯುವುದನ್ನು ಬೋರ್ಡಿನಲ್ಲಿ ಚಿತ್ರ ಬಿಡಿಸಿ ಖುಷಿಯಿಂದ ಕಲಿಸಿದವನು ನಾನು. ಅರ್ಧಾಯು ಅನ್ನುವುದನ್ನು ಮಕ್ಕಳಿಗೆ ಹೇಳಲು ಮೇಜಿನ ಮೇಲೆ ಅಡಿಕೆ ರಾಶಿ ಹಾಕುತ್ತಿದ್ದೆ. ಇಷ್ಟು ಹೊತ್ತಿಗೆ ಅರ್ಧ ತೆಗಿ, ಮತ್ತೆ ಅಷ್ಟೇ ಹೊತ್ತಿಗೆ ಉಳಿದದ್ದರಲ್ಲಿ ಅರ್ಧ ತೆಗಿ. ಅಡಿಕೆ ಮುಗಿಯುವ ಮೊದಲು ಬೆಲ್ ಹೊಡೆಯುತ್ತಿತ್ತು. ಕಲ್ಲಿದ್ದಲಿನ ಹೊಗೆ, ಏರುವ ಬಿಸಿ, ಕೇರಳ ತನಗೆ ಬೇಕಾದ ವಿದ್ಯುತ್ತಿನ ಬಹುಪಾಲನ್ನು ಹೊರಗಿಂದ ತರಿಸಿಕೊಳ್ಳುವುದು, ಇದೆಲ್ಲ ನೋಡಿದರೆ ಪರಮಾಣು ಬೇಡ ಅನ್ನುವವರು ಭಾವುಕರು ಅನ್ನುವುದೇ ನನ್ನ ಲೆಕ್ಕವಾಗಿತ್ತು.

ಆದರೆ ಆ ದಿನಗಳಲ್ಲಿ ನನ್ನ ಮೇಜಿನ ಮೇಲೆ ಎರಡು ಕಟ್ಟು ಇದ್ದವು. ಎಡಗಡೆ ಪರಮಾಣುವಿನದು. ಬಲಗಡೆ ಅಕ್ಕನ ಮಗನ ಫೈಲು.

ಫೈಲಿನ ಕಥೆ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ನಮ್ಮ ಎಣ್ಮಕಜೆ ಪಂಚಾಯತಿನ ಗುಡ್ಡೆಗಳ ಮೇಲೆ ಗೇರು ತೋಟ, ಕೆಳಗೆ ನಮ್ಮ ಮನೆಗಳು, ಅಡಿಕೆ ತೋಟ, ತೋಡು. 70ರ ದಶಕದ ಕೊನೆಯಿಂದ 2000ದವರೆಗೆ ಆ ಗೇರಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದರು, ಟೀ ಸೊಳ್ಳೆ ಅನ್ನುವ ಹುಳಕ್ಕೆ. ಮೊದಲ ಸಲ ಹೆಲಿಕಾಪ್ಟರ್ ಬಂದಾಗ ನಾನು ಏಳನೇ ಕ್ಲಾಸೋ ಎಂಟನೇ ಕ್ಲಾಸೋ, ಶಾಲೆ ಬಿಟ್ಟು ಗುಡ್ಡೆಗೆ ಓಡಿದ್ದೆವು ನೋಡಲು. ಮೇಲಿಂದ ಮಂಜಿನ ಹಾಗೆ ಬೀಳುತ್ತಿತ್ತು, ನಾವು ಕೆಳಗೆ ಕೈ ಬೀಸುತ್ತಿದ್ದೆವು. ಬಾವಿ ಮುಚ್ಚಿಡಿ ಅಂತ ಹೇಳುತ್ತಿದ್ದರು. ಬಾವಿಯನ್ನೇನೋ ಮಡಲು ಹಾಕಿ ಮುಚ್ಚಬಹುದು. ನಮ್ಮಲ್ಲಿ ಜಾಸ್ತಿ ಜನ ಕುಡಿಯುವುದು ಸುರಂಗದ ನೀರು. ಗುಡ್ಡೆಯ ಹೊಟ್ಟೆಯೊಳಗಿಂದ ಹರಿದು ಬರುವ ನೀರನ್ನು ಎಲ್ಲಿ ಮುಚ್ಚುವುದು? ಮೇಲೆ ಬಿದ್ದದ್ದು ಮಳೆಗೆ ಇಳಿದು ಅಲ್ಲಿಗೇ ಬರುತ್ತದೆ, ಅಲ್ವಾ?

ಮೊದಲು ಕರುಗಳ ಕಾಲು ಸೊಟ್ಟಗಾದವು. ಜೇನು ಸತ್ತಿತು. ಆಮೇಲೆ ಮಕ್ಕಳು. ವಾಣಿನಗರದ ಡಾಕ್ಟರ್ ವೈ.ಎಸ್. ಮೋಹನ್ ಕುಮಾರ್ ತಮ್ಮ ಬಳಿ ಬರುವ ರೋಗಿಗಳನ್ನು ನೋಡಿ ಏನೋ ಸರಿಯಿಲ್ಲ ಅಂದರು, ಪತ್ರಕರ್ತ ಶ್ರೀಪಡ್ರೆ ಬರೆದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಕೋರ್ಟಿಗೆ ಹೋದರು. ಇದೆಲ್ಲ ಗೊತ್ತಿದ್ದದ್ದೇ. ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರ ಮೇ 13ರಂದು. ಅದಕ್ಕೆ ಸರಿಯಾಗಿ 17 ವರ್ಷ ಮೊದಲು, 1994ರ ಮೇ 13ರಂದು, ಕೈಗಾದಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟ ಒಳಗಿನಿಂದ ಕಳಚಿ ಬಿದ್ದಿತ್ತು. ಸುಮ್ನೆ ಕಾಕತಾಳೀಯ. ಎರಡು ಕಟ್ಟನ್ನೂ ಒಟ್ಟಿಗೆ ಓದುವಾಗ ಇಂಥದ್ದು ಕಣ್ಣಿಗೆ ಬೀಳುತ್ತದೆ.

ಅಕ್ಕನ ಮಗ ಹುಟ್ಟಿದ್ದು 1994ರ ಫೆಬ್ರವರಿಯಲ್ಲಿ. ಈಗ 31. ಮಾತಿಲ್ಲ, ಕೂರಲು ಆಗುವುದಿಲ್ಲ, ಊಟ ಮಾಡಿಸಬೇಕು. ಅಕ್ಕ ಮದುವೆಯಾಗಿ ಹೋದದ್ದು ಪಕ್ಕದ ಪೈವಳಿಕೆ ಪಂಚಾಯತಿಗೆ. ಅಲ್ಲಿ ಗೇರು ತೋಟದ ಸಿಂಪರಣೆ ಇರಲಿಲ್ಲ. ಆದರೆ ಸೀಮಂತ ಮುಗಿಸಿ ಡಿಸೆಂಬರಿನಲ್ಲಿ ತವರಿಗೆ ಬಂದವಳು ಬಾಣಂತನ ಮುಗಿಸಿಕೊಂಡು ಮೇ ತಿಂಗಳವರೆಗೆ ಇಲ್ಲೇ ಇದ್ದಳು. ಡಿಸೆಂಬರಿನಿಂದ ಮುಂದೆ ಗೇರು ಹೂ ಬಿಡುವ ಕಾಲ. ಸಿಂಪಡಿಸುವ ಕಾಲವೂ ಅದೇ.

ಸರ್ಕಾರದ ಕಾಗದದಲ್ಲಿ ಎಂಡೋಸಲ್ಫಾನ್ ಬಿದ್ದದ್ದು 11 ಪಂಚಾಯತಿನಲ್ಲಿ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು, ಹಾಗೆ ತೆಂಕಕ್ಕೆ ಇಳಿಯುತ್ತಾ ಹೋಗಿ ಕೊನೆಗೆ ಕಯ್ಯೂರು-ಚೀಮೇನಿ. ಪೈವಳಿಕೆ ಇಲ್ಲ. ಅಕ್ಕನ ರೇಷನ್ ಕಾರ್ಡು ಪೈವಳಿಕೆಯದು. ಪರಿಹಾರ ಕೇಳಲು ಹೋದರೆ, ನೀವು ಗೆರೆಯ ಹೊರಗೆ ಅಂದರು.

ಸಂತ್ರಸ್ತರ ಪಟ್ಟಿ ಮಾಡಲು 2017ರಲ್ಲಿ ಇಟ್ಟ ವೈದ್ಯಕೀಯ ಶಿಬಿರಕ್ಕೆ ನಾನೇ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಐದಕ್ಕೆ ಜೀಪು ಹತ್ತಿ, ಹುಡುಗನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅಕ್ಕ ತಲೆ ಹಿಡಿದುಕೊಂಡು. ಟೋಕನ್ ಸಿಕ್ಕಿತು, ಮಧ್ಯಾಹ್ನ ಎರಡಕ್ಕೆ ಕರೆದರು. ಡಾಕ್ಟರು ಒಳ್ಳೆಯವರೇ. ಆದರೆ ಅವರಿಗೆ ಕನ್ನಡ, ತುಳು ಬಾರದು, ಅಕ್ಕನಿಗೆ ಮಲಯಾಳ ಬಾರದು. ಮಧ್ಯೆ ನಾನು. ತೋಟದಿಂದ ಮನೆ ಎಷ್ಟು ದೂರ? ಯಾವ ಮನೆ, ಈಗಿನದೋ ಆಗಿನದೋ? ಬಸುರಿನಲ್ಲಿ ಎಲ್ಲಿದ್ದಿರಿ? ದಾಖಲೆ ಉಂಟಾ? ಹೆರಿಗೆ ಮನೆಯಲ್ಲೇ ಆದದ್ದು, ಹೆರಿಗೆ ಮಾಡಿಸಿದ ಅಜ್ಜಿ ಸತ್ತು ಹದಿನೈದು ವರ್ಷ. ಮೂರು ನಿಮಿಷದಲ್ಲಿ ಮುಗಿಯಿತು. ಆ ಶಿಬಿರದ ಮೊದಲ ಪಟ್ಟಿಯಲ್ಲಿ 1,905 ಹೆಸರಿತ್ತು. ಕೊನೆಗೆ ಉಳಿದದ್ದು 287. ಆಮೇಲೆ ಗಲಾಟೆಯಾಗಿ ಕೆಲವು ಹೆಸರು ಸೇರಿದವು, 2019ರಲ್ಲಿ ತಾಯಂದಿರು ಮಕ್ಕಳನ್ನು ಹೊತ್ತುಕೊಂಡು ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಕೂತ ಮೇಲೆ ಇನ್ನೂ ಕೆಲವು. ನಮ್ಮ ಹುಡುಗ ಮೊದಲ ಪಟ್ಟಿಯಲ್ಲಿ ಇದ್ದ, ಎರಡನೆಯದರಲ್ಲಿ ಇರಲಿಲ್ಲ. ಯಾಕೆ ತೆಗೆದಿರಿ ಅಂತ ಕೇಳಲು ಹೋದರೆ ಒಂದು ಕೌಂಟರಿನಿಂದ ಇನ್ನೊಂದಕ್ಕೆ ಕಳಿಸಿದರು. ಫೈಲು ದಪ್ಪವಾಗುತ್ತಾ ಹೋಯಿತು.

ಪಟ್ಟಿಯಲ್ಲಿ ಇದ್ದವರಿಗೂ ಸುಖವಿರಲಿಲ್ಲ ಬಿಡಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಲಾ 5 ಲಕ್ಷ ಮೂರು ತಿಂಗಳೊಳಗೆ ಕೊಡಿ ಅಂದಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಮುಂದೆ ಬಂದ ಲೆಕ್ಕ ಏನು ಗೊತ್ತಾ? 3,704 ಜನರಲ್ಲಿ ಹಣ ಸಿಕ್ಕಿದ್ದು 8 ಜನರಿಗೆ. ಆ ಎಂಟೂ ಜನ ಮತ್ತೆ ಕೋರ್ಟಿಗೆ ಹೋದವರು. ಆಮೇಲೆ ಕೋರ್ಟ್ ಗದರಿಸಿದ ಮೇಲೆ ಉಳಿದವರಿಗೂ ಬರಲು ಶುರುವಾಯಿತು.

ಈಗ ಎಡಗಡೆಯ ಕಟ್ಟು.

ಮೊದಲು ಓದಿದ್ದೆಲ್ಲ ರಿಯಾಕ್ಟರಿನ ಬಗ್ಗೆ. ಅಲ್ಲಿ ನನಗೆ ಭಯ ಹುಟ್ಟಲಿಲ್ಲ, ಈಗಲೂ ಅಷ್ಟಾಗಿ ಇಲ್ಲ. ಕೈಗಾದ ಒಂದನೇ ಘಟಕ 2018ರ ಕೊನೆಯಲ್ಲಿ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿದ್ದನ್ನು ದೊಡ್ಡಕ್ಷರದಲ್ಲಿ ಬರೆದಿಟ್ಟುಕೊಂಡೆ, ಭಾಷಣಕ್ಕೆ ಒಳ್ಳೆಯ ಶುರು ಅಂತ. ಕಾರಂತರು 1989ರಲ್ಲಿ ಕೈಗಾ ಬೇಡ ಅಂತ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತದ್ದನ್ನೂ ಬರೆದುಕೊಂಡೆ. ನೋಡಿ, ಅಜ್ಜ ಹೆದರಿಸಿದ ಹಾಗೆ ಏನೂ ಆಗಲಿಲ್ಲ ಅನ್ನಲು. (ಆ ಸಾಲು ಈಗ ಓದಿದರೆ ನಾಚಿಕೆಯಾಗುತ್ತದೆ.)

ಆಮೇಲೆ ಯುರೇನಿಯಂ ಎಲ್ಲಿಂದ ಬರುತ್ತದೆ ಅಂತ ಒಂದು ಪುಟ ಸೇರಿಸೋಣ ಅಂದುಕೊಂಡೆ. ಅಲ್ಲಿ ಸಿಕ್ಕಿಬಿದ್ದೆ.

ಜಾರ್ಖಂಡಿನ ಜಾದೂಗೋಡದಲ್ಲಿ 1967ರಿಂದ ಯುರೇನಿಯಂ ಅಗೆಯುತ್ತಿದ್ದಾರೆ. ಸಂತಾಲ, ಹೋ, ಮುಂಡಾ ಆದಿವಾಸಿಗಳ ಊರು. ನಮ್ಮ ದೇಶದ ಅದಿರು ಬಡ ಅದಿರು. ಸಾವಿರ ಕಿಲೋ ಕಲ್ಲು ಅಗೆದರೆ ಒಂದು ಕಿಲೋ ಯುರೇನಿಯಂ ಕೂಡ ಇಲ್ಲ. ಉಳಿದ ಕಲ್ಲು ಎಲ್ಲಿ ಹೋಗುತ್ತದೆ? ಪುಡಿ ಮಾಡಿ, ಕೆಸರು ಮಾಡಿ, ಊರಿನ ಪಕ್ಕದ ಕೆರೆಯಂಥ ಕಟ್ಟೆಯಲ್ಲಿ ತುಂಬಿಸುತ್ತಾರೆ. ಯುರೇನಿಯಂ ತೆಗೆದರೂ ರೇಡಿಯಂ ಮುಂತಾದವು ಅದರಲ್ಲೇ ಉಳಿಯುತ್ತವೆ. ಅದಿರಿನ ವಿಕಿರಣದಲ್ಲಿ ಸುಮಾರು ಶೇಕಡ 85 ಆ ಕೆಸರಿನಲ್ಲೇ ಇರುತ್ತದೆ. ನಾನು ಮೂವತ್ತು ವರ್ಷ ಕಲಿಸಿದವನು, ಈ ಒಂದು ಸಂಗತಿಯನ್ನು ಒಂದು ದಿನ ಮಕ್ಕಳಿಗೆ ಹೇಳಿರಲಿಲ್ಲ, ಯಾಕೆಂದರೆ ನಮ್ಮ ಪಾಠ ರಿಯಾಕ್ಟರಿನ ಬಾಗಿಲಿನಿಂದ ಶುರುವಾಗಿ ಬಲ್ಬಿನಲ್ಲಿ ಮುಗಿಯುತ್ತಿತ್ತು. 2006ರ ಡಿಸೆಂಬರಿನಲ್ಲಿ ಅಲ್ಲಿ ಆ ಕೆಸರು ಸಾಗಿಸುವ ಪೈಪು ಒಡೆದು ತೋಡಿಗೆ ಹರಿಯಿತು. ಆಂಧ್ರದ ಕಡಪ ಜಿಲ್ಲೆಯ ತುಮ್ಮಲಪಲ್ಲೆಯಲ್ಲಿಯೂ ಗಣಿ ಇದೆ, ಅಲ್ಲಿಯ ಬಾಳೆ ಬೆಳೆಗಾರರು ಬೋರಿನ ನೀರು ಕೆಟ್ಟಿತು ಅಂತ ವರ್ಷಗಳಿಂದ ದೂರುತ್ತಿದ್ದಾರೆ.

ಜಾದೂಗೋಡದ ಮಕ್ಕಳ ಕಾಯಿಲೆ ವಿಕಿರಣದಿಂದಲೇ ಬಂದದ್ದು ಅಂತ ನಾನು ಹೇಳುತ್ತಿಲ್ಲ. ಊರಿನವರು ಹೌದು ಅನ್ನುತ್ತಾರೆ, ಗಣಿಯವರು ಅಲ್ಲ, ಬಡತನ, ಕುಡಿತ, ಅಪೌಷ್ಟಿಕತೆ ಅನ್ನುತ್ತಾರೆ. ಇದನ್ನು ಓದುವಾಗ ನನ್ನ ಕೈ ತಂತಾನೇ ಬಲಗಡೆಯ ಫೈಲಿನ ಮೇಲೆ ಹೋಯಿತು. ನಮಗೂ ಇದನ್ನೇ ಹೇಳಿದ್ದರಲ್ಲ. ಸಂಬಂಧಿಕರಲ್ಲಿ ಮದುವೆಯಾಗುತ್ತೀರಿ ಅದಕ್ಕೆ ಹೀಗೆ ಅಂದಿದ್ದರು. ನಮ್ಮ ಭಾವ ದೂರದ ಸಂಬಂಧ ಕೂಡ ಅಲ್ಲ.

ಆದರೂ ನಾನು ಬದಲಾದದ್ದು ಅಲ್ಲಿ ಅಲ್ಲ. ಅದು ಅಮೆರಿಕದ್ದು ಓದುವಾಗ.

ಅಲ್ಲಿ ನವಾಹೊ ಅಂತ ಮೂಲನಿವಾಸಿಗಳಿದ್ದಾರೆ. ಅವರ ನೆಲದಿಂದ 1944ರಿಂದ 1986ರವರೆಗೆ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರು ತೆಗೆದರು, ಮೊದಲು ಬಾಂಬಿಗೆ, ಆಮೇಲೆ ವಿದ್ಯುತ್ತಿಗೂ. ಮುಚ್ಚದೆ ಬಿಟ್ಟುಹೋದ ಗಣಿಗಳು 500ಕ್ಕೂ ಜಾಸ್ತಿ. ಗಣಿಯೊಳಗೆ ಗಾಳಿ ಆಡಲು ವ್ಯವಸ್ಥೆ ಇರಲಿಲ್ಲ, ಕೆಲಸ ಮಾಡಿದ ಗಂಡಸರು ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತರು. 1990ರಲ್ಲಿ ಅಮೆರಿಕದ ಸಂಸತ್ತು ಕ್ಷಮೆ ಕೇಳಿ ಪರಿಹಾರದ ಕಾನೂನು ಮಾಡಿತು. ಒಳ್ಳೆಯದೇ. ಆದರೆ ವಿಧವೆಯರು ಹಣಕ್ಕೆ ಹೋದಾಗ ಮದುವೆಯ ಸರ್ಟಿಫಿಕೇಟ್ ಕೇಳಿದರು. ಅವರದ್ದು ಅವರ ಸಂಪ್ರದಾಯದ ಮದುವೆ, ಕಾಗದ ಎಲ್ಲಿರುತ್ತದೆ? ಗಂಡ ಯಾವ ಗಣಿಯಲ್ಲಿ ಎಷ್ಟು ದಿನ ಇದ್ದ, ಅಲ್ಲಿಯ ಗಾಳಿಯಲ್ಲಿ ವಿಕಿರಣ ಎಷ್ಟಿತ್ತು ಅನ್ನುವುದಕ್ಕೂ ದಾಖಲೆ ಬೇಕಿತ್ತು. ಗಾಳಿ ಅಳೆಯಬೇಕಾದದ್ದು ಗಣಿಯವರು. ಅವರು ಅಳೆದಿರಲಿಲ್ಲ. ತಪ್ಪಿಗೆ ದಾಖಲೆ ಇಡದವರು ಅವರು, ದಾಖಲೆ ತರಬೇಕಾದವಳು ಇವಳು, ಅದೂ ಇಂಗ್ಲಿಷಿನಲ್ಲಿ. 2000ದಲ್ಲಿ ಕಾನೂನು ತಿದ್ದಿ ಸ್ವಲ್ಪ ಸಡಿಲ ಮಾಡಿದರು. ಅಷ್ಟು ಹೊತ್ತಿಗೆ ಹತ್ತು ವರ್ಷ ಹೋಗಿತ್ತು.

ನಾನು ಪೆನ್ನು ಕೆಳಗಿಟ್ಟೆ. ಯಾವುದೋ ಮರುಭೂಮಿಯ ಹೆಂಗಸು ಮತ್ತು ನನ್ನ ಅಕ್ಕ ಒಂದೇ ಕೌಂಟರಿನ ಎದುರು ನಿಂತ ಹಾಗೆ ಕಂಡಿತು. ಅಪಾಯ ಎಷ್ಟು ಅನ್ನುವ ಲೆಕ್ಕದಲ್ಲಿ ಎರಡು ತಿಂಗಳು ಮುಳುಗಿದ್ದ ನನಗೆ, ಆ ಅಪಾಯ ನಿಜವಾದ ದಿನ ರುಜುವಾತು ಮಾಡುವ ಕೆಲಸ ಯಾರ ತಲೆಗೆ ಬೀಳುತ್ತದೆ ಅನ್ನುವುದು ಹೊಳೆದೇ ಇರಲಿಲ್ಲ. ಅದು ಯಾವಾಗಲೂ ಪೆಟ್ಟು ತಿಂದವರ ತಲೆಗೇ. ಮತ್ತೆ ಇಂಥ ಯೋಜನೆಗೆ ಜಾಗ ಹುಡುಕುವಾಗ ಸಿಗುವುದು ಕೂಡ ಅಂಥವರ ಊರೇ, ಕೈಯಲ್ಲಿ ಕಾಗದ ಕಡಿಮೆ ಇರುವವರು, ಕಚೇರಿಯ ಭಾಷೆ ಬಾರದವರು, ಜಾಗಕ್ಕೆ ಪಟ್ಟಾ ಇಲ್ಲದವರು.

ಜನವರಿಯಲ್ಲಿ ಒಂದು ದಿನ ಚೀಮೇನಿಗೆ ಹೋದೆ. ಇಷ್ಟು ಓದಿದ ಮೇಲೆ ಆ ಜಾಗ ನೋಡದೆ ಮಾತಾಡುವುದು ಸರಿಯಲ್ಲ ಅನ್ನಿಸಿತು. ಕಾಸರಗೋಡಿನಿಂದ ರೈಲಿನಲ್ಲಿ ಚೆರುವತ್ತೂರು, ಅಲ್ಲಿಂದ ಬಸ್ಸು. ಕಯ್ಯೂರಿನ ಹೆಸರು ನಮ್ಮ ಕಡೆ ಎಲ್ಲರಿಗೂ ಗೊತ್ತು, 1943ರಲ್ಲಿ ನಾಲ್ವರು ರೈತರನ್ನು ಗಲ್ಲಿಗೆ ಹಾಕಿದ್ದರಿಂದ. ಅದರ ಜೋಡಿ ಊರು ಚೀಮೇನಿ. ಮುರಕಲ್ಲಿನ ಪಾರೆ, ಬೇಸಿಗೆಗೆ ಒಣಗಿದ ಮುಳಿಹುಲ್ಲು. ಬೇಸಿಗೆಯಲ್ಲಿ ಫೋಟೋ ತೆಗೆದರೆ ಖಂಡಿತ ಬಂಜರು ಅಂತಲೇ ಕಾಣುತ್ತದೆ. ಮಳೆಗಾಲದಲ್ಲಿ ಅದೇ ಪಾರೆಯ ಪಳ್ಳಗಳಲ್ಲಿ ನೀರು ನಿಂತು ಕೆಳಗಿನ ಬಾವಿಗಳಿಗೆಲ್ಲ ಇಳಿಯುತ್ತದೆ ಅನ್ನುವುದು ಪಾರೆಯ ಪಕ್ಕ ಹುಟ್ಟಿದವರಿಗೆ ಗೊತ್ತು. 'ಬಂಜರು' ಅನ್ನುವುದು ಕಂದಾಯ ಇಲಾಖೆಯ ಶಬ್ದ.

ಆ ಊರಿನ ಪಾಲಿಗೆ ಇದುವರೆಗೆ ಏನೇನು ಬಂದಿದೆ ನೋಡಿ. ಗೇರು ತೋಟ ಬಂತು, ಅದರ ಜೊತೆ ಹೆಲಿಕಾಪ್ಟರ್. ತೆರೆದ ಜೈಲು ಬಂತು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಬರುತ್ತದೆ ಅಂದರು, ಜನ ಬೇಡ ಅಂದು ನಿಂತಿತು. ಪೂರ್ವಕ್ಕೆ ಹತ್ತು ಕಿಲೋಮೀಟರ್ ಒಳಗೇ ಪೆರಿಂಗೋಂ, 90ರ ದಶಕದ ಶುರುವಿನಲ್ಲಿ ಪರಮಾಣು ಸ್ಥಾವರ ಅಂತ ಹೊರಟು ಜನರ ವಿರೋಧಕ್ಕೆ ಕೈಬಿಟ್ಟದ್ದು. ಈಗ ಮತ್ತೆ ಪರಮಾಣು. ಐಟಿ ಪಾರ್ಕ್ ಕೂಡ ಬರುತ್ತದೆ ಅಂದಿದ್ದರಂತೆ. ಅದಕ್ಕೆ ಮಾತ್ರ ಅವಸರ ಕಾಣಲಿಲ್ಲ.

ಚಹಾ ಅಂಗಡಿಯಲ್ಲಿ ಬೀಡಿ ಕಟ್ಟುವ ಒಬ್ಬ ಹೆಂಗಸಿನ ಜೊತೆ ನನ್ನ ಹರಕು ಮಲಯಾಳದಲ್ಲಿ ಮಾತಾಡಿದೆ. ಹೆಲಿಕಾಪ್ಟರ್ ವಿಷಯ ಬಂತು. ನಾವೂ ಓಡಿದ್ದೆವು ನೋಡಲು ಅಂದಳು. ನಾನೂ ಅಂದೆ. ಇಬ್ಬರೂ ನಕ್ಕೆವು, ಯಾಕೆ ನಕ್ಕೆವೋ. ಪರಮಾಣು ಸ್ಥಾವರದ ಬಗ್ಗೆ ಏನು ಅನ್ನುತ್ತೀರಿ ಅಂತ ಕೇಳಿದೆ. ಅವಳು ಕೇಳಿದ್ದು ಒಂದೇ: ಹೆಲಿಕಾಪ್ಟರಿನದ್ದು ಉಳಿದಿತ್ತಲ್ಲ, ಅದನ್ನು ಎಲ್ಲಿ ಹಾಕಿದರು?

ಅದು ಸರಿಯಾದ ಪ್ರಶ್ನೆ. ಸಿಂಪಡಿಸುವುದು ನಿಂತ ಮೇಲೂ ಉಳಿದ ಎಂಡೋಸಲ್ಫಾನ್ ಪೆರಿಯ, ರಾಜಪುರ, ಚೀಮೇನಿಯ ಗೋದಾಮುಗಳಲ್ಲಿ ಬ್ಯಾರಲುಗಳಲ್ಲಿ ಬಿದ್ದಿತ್ತು. ಬ್ಯಾರಲು ತುಕ್ಕು ಹಿಡಿದು ಸೋರಲು ಶುರುವಾದ ಮೇಲೆ 2012ರಲ್ಲಿ ಬೇರೆ ಬ್ಯಾರಲಿಗೆ ತುಂಬಿಸಿದರು. ಬೇರೆ ಬ್ಯಾರಲಿಗೆ! ಅಷ್ಟೇ ಮಾಡಲು ಆದದ್ದು.

ವಾಪಸ್ ರೈಲಿನಲ್ಲಿ ಕೂತು ತೈವಾನಿನ ಲಾನ್ಯೂ ದ್ವೀಪದ ಬಗ್ಗೆ ಓದಿದ್ದು ನೆನಪಾಯಿತು. ತಾಓ ಅನ್ನುವ ಮೀನುಗಾರ ಬುಡಕಟ್ಟಿನ ದ್ವೀಪ. 1982ರಿಂದ ಅಲ್ಲಿ ಪರಮಾಣು ಕಸದ ಬ್ಯಾರಲು ಇಳಿಸಿದರು, ಸುಮಾರು ಒಂದು ಲಕ್ಷ. ಮೀನು ಡಬ್ಬಿ ತುಂಬುವ ಕಾರ್ಖಾನೆ ಕಟ್ಟುತ್ತಿದ್ದೇವೆ ಅಂತ ಊರಿನವರಿಗೆ ಹೇಳಿದ್ದರು. ಅಲ್ಲಿಯೂ ತುಕ್ಕು ಹಿಡಿಯಿತು, ಅಲ್ಲಿಯೂ ಬ್ಯಾರಲು ಬದಲಿಸಿದರು. ಬ್ಯಾರಲು ಈಗಲೂ ಅಲ್ಲೇ ಇದೆ, ದ್ವೀಪದವರಿಗೆ ಪರಿಹಾರ ಅಂತ ತೈವಾನ್ ಸರ್ಕಾರ ಹಣ ಘೋಷಿಸಿದ್ದು 2019ರಲ್ಲಿ. ಲಾನ್ಯೂದಲ್ಲಿ ಇರುವುದು ಕಡಿಮೆ ಮಟ್ಟದ ಕಸ. ರಿಯಾಕ್ಟರಿನ ಇಂಧನದಲ್ಲಿ ಹುಟ್ಟುವ ಪ್ಲುಟೋನಿಯಂ-239ರ ಅರ್ಧಾಯು 24,000 ವರ್ಷ. ನನ್ನ ಅಡಿಕೆ ರಾಶಿಯಲ್ಲಿ ಮೊದಲ ಸಲ ಅರ್ಧ ತೆಗೆಯಲು ಬೇಕಾದ ಕಾಲ ಅದು. ಅಕ್ಕನಿಗೆ 61. ನನ್ನ ನಂತರ ಇವನನ್ನು ಯಾರು ನೋಡುತ್ತಾರೆ ಅಂತ ಅವಳು ವಾರಕ್ಕೊಮ್ಮೆಯಾದರೂ ಕೇಳುತ್ತಾಳೆ.

ಮನೆಗೆ ಬಂದು ಶಾಲೆಯ ಹಳೇ ಕಂಪಾಸ್ ಹುಡುಕಿ ತೆಗೆದೆ. ಸ್ಥಾವರದ ಸುತ್ತ 16 ಕಿಲೋಮೀಟರಿನ ತುರ್ತು ಯೋಜನಾ ವಲಯ ಅಂತ ಒಂದು ನಿಯಮ ಇದೆ, ಅವಘಡವಾದರೆ ಜನರನ್ನು ಸ್ಥಳಾಂತರ ಮಾಡುವ ತಯಾರಿ ಅಲ್ಲಿಯವರೆಗೆ. ಜಿಲ್ಲೆಯ ಮ್ಯಾಪಿನಲ್ಲಿ ಚೀಮೇನಿಗೆ ಮೊಳೆ ಊರಿ ಸುತ್ತು ಎಳೆದೆ. ಚೆರುವತ್ತೂರು, ನೀಲೇಶ್ವರ, ಪಯ್ಯನ್ನೂರು ಎಲ್ಲ ಒಳಗೆ. ಕೇರಳದಂಥ ಒತ್ತೊತ್ತಾಗಿ ಮನೆ ಇರುವ ಜಾಗದಲ್ಲಿ 16 ಕಿಲೋಮೀಟರ್ ಅಂದರೆ ಎಷ್ಟು ಜನ! ಆದರೆ ನನ್ನನ್ನು ಕಾಡಿದ್ದು ಜನಸಂಖ್ಯೆ ಅಲ್ಲ, ಆ ಗೆರೆಯ ತೆಳುವು. ಗೆರೆಯ ಒಳಗಿನ ತಂಗಿಗೆ ಪರಿಹಾರ, ಆಚೆಗಿನ ಅಕ್ಕನಿಗೆ ಇಲ್ಲ. ಫುಕುಶಿಮಾದಲ್ಲಿ 2011ರಲ್ಲಿ ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಟ್ಟರು, ಅಲ್ಲಿಯೂ ವರ್ತುಲದ ಮೇಲೆ ವರ್ತುಲ, ಯಾವ ಸುತ್ತಿನಲ್ಲಿ ನಿಮ್ಮ ಮನೆ ಅನ್ನುವುದರ ಮೇಲೆ ಹಣ. ಗಾಳಿಗೆ ಪಂಚಾಯತಿನ ಗಡಿ ಗೊತ್ತಿಲ್ಲ ಅನ್ನುವುದನ್ನು ಎಣ್ಮಕಜೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಭಾಷಣದ ದಿನ ಐವತ್ತು ಜನ ಇದ್ದಿರಬಹುದು. ನಾನು ನಿಂತು, ಕ್ಷಮಿಸಿ, ಕರಪತ್ರದಲ್ಲಿ ತಪ್ಪಾಗಿದೆ ಅಂತಲೇ ಶುರು ಮಾಡಿದೆ. ಮೇಲೆ ಬರೆದದ್ದನ್ನೇ ಹೇಳಿದೆ, ಇನ್ನೂ ಗೋಜಲಾಗಿ. ತಮಿಳುನಾಡಿನ ಕೂಡಂಕುಳಂ ಪರಮಾಣು ಸ್ಥಾವರದ ವಿಷಯವನ್ನೂ ಹೇಳಿದೆ, ಅಲ್ಲಿ ಇಡಿಂದಕರೈಯ ಮೀನುಗಾರರು ಕೇಳಿದ್ದು ಇದೇ ಥರದ ಪ್ರಶ್ನೆ, ಸಾವಿರಾರು ಜನರ ಮೇಲೆ ದೇಶದ್ರೋಹದ ಕೇಸು ಬಿತ್ತು ಅಂತ. 2010ರ ಪರಮಾಣು ಹೊಣೆಗಾರಿಕೆ ಕಾಯ್ದೆ ಸ್ಥಾವರ ನಡೆಸುವವರ ಹೊಣೆಯನ್ನು 1,500 ಕೋಟಿಗೆ ನಿಲ್ಲಿಸಿತು ಅಂತಲೂ ಹೇಳಿದೆ. ಕೊಡುವವನಿಗೆ ಮೇಲ್ಮಿತಿ ಮೊದಲೇ ಬರೆದಿಟ್ಟಿದ್ದಾರೆ. ಪೆಟ್ಟು ತಿನ್ನುವವನಿಗೆ ಹಾಗೆ ಮಿತಿ ಯಾರೂ ಬರೆದಿಡುವುದಿಲ್ಲ.

ಒಬ್ಬ ಹುಡುಗ ಎದ್ದ. ನನ್ನದೇ ಹಳೇ ವಿದ್ಯಾರ್ಥಿ, ಈಗ ಮಂಗಳೂರಿನಲ್ಲಿ ಎಂಜಿನಿಯರ್. ಮಾಷ್ಟ್ರೇ, ಎಂಡೋಸಲ್ಫಾನ್ ಬೇರೆ, ರಿಯಾಕ್ಟರ್ ಬೇರೆ, ಎರಡನ್ನೂ ಕಲಸಿದ್ದೀರಿ ಅಂದ. ಕಲ್ಲಿದ್ದಲಿನಿಂದ ಸಾಯುವವರು ಇದಕ್ಕಿಂತ ಎಷ್ಟೋ ಜಾಸ್ತಿ, ಅವರೂ ಬಡವರೇ, ಅವರ ಊರು ನಿಮಗೆ ಕಾಣಿಸುವುದಿಲ್ಲ ಯಾಕೆಂದರೆ ಅದು ಛತ್ತೀಸಗಡದಲ್ಲಿ ಇದೆ, ನಮ್ಮ ಫ್ಯಾನ್ ತಿರುಗುವುದು ಅದರಿಂದಲೇ ಅಂದ. ಕೈಗಾದ 962 ದಿನವನ್ನೂ ಅವನೇ ಹೇಳಿದ. ನನಗೆ ಒಳಗೊಳಗೇ ಹೆಮ್ಮೆಯಾಯಿತು, ನಾನು ಮಾಡಬೇಕಿದ್ದ ಭಾಷಣವನ್ನು ಅವನು ನನಗಿಂತ ಚೆನ್ನಾಗಿ ಮಾಡಿದ.

ಕಲ್ಲಿದ್ದಲಿನ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವನು ಹೇಳಿದ್ದು ಸರಿ. ಆದರೆ ಒಬ್ಬರ ಅಂಗಳಕ್ಕೆ ಹಾಕಿದ್ದು ತಪ್ಪಾಯಿತು ಅಂತ ಇನ್ನೊಬ್ಬರ ಅಂಗಳಕ್ಕೆ ಹಾಕುವುದು ಲೆಕ್ಕ ಸರಿ ಮಾಡುವ ದಾರಿಯಾ? ಯಂತ್ರ ಚೆನ್ನಾಗಿ ಓಡುತ್ತದೆ ಅನ್ನುವುದಕ್ಕೆ ಮಾತ್ರ ಉತ್ತರ ಇತ್ತು. ಹೆಲಿಕಾಪ್ಟರ್ ಕೂಡ ಚೆನ್ನಾಗಿಯೇ ಓಡುತ್ತಿತ್ತು ಮಾರಾಯ, ನಾನು ಕಂಡ ಹಾಗೆ ಒಂದು ದಿನ ಬಿದ್ದದ್ದಿಲ್ಲ ಅಂದೆ. ಸಭೆ ನಕ್ಕಿತು. ಅವನು ನಗಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು, ಫೈಲು ನೋಡಬಹುದಾ ಅಂತ ಕೇಳಿದ.

ಅವನೇ ಅದನ್ನು ಕ್ರಮವಾಗಿ ಜೋಡಿಸಿ ಕೊಟ್ಟ. ಅವನು ಹುಡುಕಿದ್ದರಿಂದಲೇ ಅಪ್ಪನ ಹಳೇ ಲೆಕ್ಕದ ಪುಸ್ತಕ ಅಟ್ಟದಿಂದ ಇಳಿಯಿತು. ಅಡಿಕೆ ಮಾರಿದ್ದು, ಕೂಲಿ ಕೊಟ್ಟದ್ದು ಎಲ್ಲ ಅಪ್ಪ ತಾರೀಕು ಹಾಕಿ ಬರೆಯುತ್ತಿದ್ದರು. 1994ರ ಫೆಬ್ರವರಿ ಪುಟದಲ್ಲಿ ಎರಡು ಸಾಲು: 'ಮಗಳ ಬಾಣಂತನಕ್ಕೆ ಓಮ, ಎಳ್ಳೆಣ್ಣೆ, 45 ರೂಪಾಯಿ.' ಅದರ ಕೆಳಗೆ, 'ಹೆಲಿಕಾಪ್ಟರು. ಜೇನು ಪೆಟ್ಟಿಗೆ ಮೂರೂ ಖಾಲಿ.' ಮೂವತ್ತೊಂದು ವರ್ಷ ಅಟ್ಟದಲ್ಲಿತ್ತು ನಮ್ಮ ದಾಖಲೆ. ಅಕ್ಕ ಆ ಪುಟವನ್ನು ತುಂಬ ಹೊತ್ತು ನೋಡಿ, ಓಮಕ್ಕೆ ಆಗ ಅಷ್ಟು ಕ್ರಯವಾ ಅಂದಳು.

ಕಳೆದ ತಿಂಗಳು ಜೆರಾಕ್ಸ್ ಮಾಡಿಸಿ ಕೊಂಡುಹೋದೆ. ಕೌಂಟರಿನವರು ತಿರುಗಿಸಿ ಮುರುಗಿಸಿ ನೋಡಿ, ಇದು ಕನ್ನಡ, ಮಲಯಾಳಕ್ಕೆ ಭಾಷಾಂತರ ಮಾಡಿಸಿ ಸಹಿ ಹಾಕಿಸಿ ತನ್ನಿ ಅಂದರು. ಜೊತೆಗೆ ಆ ಆರು ತಿಂಗಳು ತಾಯಿ ಯಾವ ಮನೆಯಲ್ಲಿ ಇದ್ದಳು ಅನ್ನುವ ಒಂದು ಹೇಳಿಕೆ. ನಾನೇ ಕೂತು ಬರೆದೆ. ಓಮಕ್ಕೆ ಅಯಮೋದಕಂ, ಅದು ಗೊತ್ತಿತ್ತು. ತವರಿಗೆ ಏನು ಬರೆಯುವುದು ಅಂತ ಹೊಸಂಗಡಿಯ ಗೆಳೆಯರೊಬ್ಬರನ್ನು ಕೇಳಿದೆ. 'ಸ್ವಂತಂ ವೀಡ್' ಅಂತ ಬರೀರಿ, ಹಾಗೇ ಹೇಳುವುದು ಅಂದರು. ಸ್ವಂತ ಮನೆ. ಹಾಗೆಯೇ ಬರೆದೆ, ಸಹಿ ಹಾಕಿಸಿದೆ, ಕೊಟ್ಟೆ.

ಮೊನ್ನೆ ಫೋನ್ ಬಂತು. ಸ್ವಂತ ಮನೆಯಾದರೆ ಆ ಮನೆಯ ರೇಷನ್ ಕಾರ್ಡಿನಲ್ಲಿ ಇವರ ಹೆಸರು ಯಾಕೆ ಇಲ್ಲ ಅಂತ ಕೇಳಿದರು.